ಪಿಟೀಲು ಮೇಷ್ಟ್ರಿಗೆ ಬಿದ್ದ ಹೆಸರು

ಕಂತು ಏಳು

"ಏಣಿ ಅಲ್ಲಾಡ್ತಿದೆ. ಗಟ್ಟಿಯಾಗಿ ಹಿಡ್ಕೊಳ್ಳಿ," ಎಂದಳು ಮೈಥಿಲಿ ಮೇಲಿನಿಂದ.

"ಹಿಡ್ಕೊಂಡೇ ಇದೀನಿ ಅಕ್ಕ. ಅಲ್ಲಾಡ್ತಿರೋದು ಏಣಿ ಅಲ್ಲ, ನಾನು," ಎಂದಳು ಊರ್ಮಿಳಾ ಕೆಳಗಿನಿಂದ.

ಮಸಿ ಹಿಡಿದ ಚಾವಣಿಯಲ್ಲಿ ಹೊಗೆಯ ಅಲಾರಂ ಒಂದು ಅಂಟಿಕೊಂಡಿತ್ತು. ಮೈಥಿಲಿ ಅದನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ತಿರುಗಿಸಿದಳು. ಅದು ಕಳಚಿ ಕೈಗೆ ಬಂತು. ಏಣಿಯ ಮೇಲೆ ನಿಂತೇ ಬೆಳಕಿಗೆ ಹಿಡಿದು ನೋಡಿದಳು.

ಭಾನುವಾರ ಮಧ್ಯಾಹ್ನ ನಾಲ್ಕರ ಸುಮಾರಿಗೆ ಯೂನಿಯನ್ ಸಿಟಿಯ ಈ ಕನ್ನಡ ಸಂಘದ ಹಾಲ್ ಹೊತ್ತಿ ಉರಿದಿತ್ತು. ಅಡುಗೆಮನೆ ಪಕ್ಕದ ಕೋಣೆಯಲ್ಲಿ ಮಲಗಿದ್ದ ದ್ಯಾಮವ್ವ ಎಂಬ ಎಪ್ಪತ್ತನಾಲ್ಕರ ಅಜ್ಜಿ ಅಂದಿನಿಂದ ಸುಟ್ಟಗಾಯದ ವಾರ್ಡಿನಲ್ಲಿ ಕಣ್ಣು ತೆರೆದಿಲ್ಲ. ಇವತ್ತು ಗುರುವಾರ.

ಆ ಹೊತ್ತಿಗೆ ಹಾಲ್‌ನಲ್ಲಿದ್ದ ಇನ್ನೊಬ್ಬರೆಂದರೆ ಪಿಟೀಲು ಮೇಷ್ಟ್ರು ಶೇಷಾದ್ರಿ. ಬೆಂಕಿಯ ಬೆಳಕು ಮುಖಕ್ಕೆ ಬೀಳುತ್ತಿದ್ದರೂ ಅವರು ಕಣ್ಣು ಮುಚ್ಚಿ ಪಿಟೀಲು ನುಡಿಸುತ್ತಿರುವ ವಿಡಿಯೋ ಅವತ್ತು ಸಂಜೆಯೇ ಎಲ್ಲರ ಫೋನಿಗೂ ಬಂತು. ಕಳಿಸಿದ್ದು ಯಾರಿಗೂ ಗುರುತಿಲ್ಲದ ನಂಬರು. ಅದರ ಕೆಳಗೆ ಎರಡೇ ಪದ: ನಮ್ಮ ನೀರೋ.

ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಮೇಷ್ಟ್ರು ಅಗ್ನಿಶಾಮಕ ಇಲಾಖೆಯ ಮುಂದೆ ಹೇಳಿಕೆ ಕೊಡಬೇಕು. ಬೆಂಕಿ ಕಂಡೂ ಸುಮ್ಮನಿದ್ದೆ ಎಂದು ಒಪ್ಪಿಕೊಂಡರೆ ಅವರ ದಾರಿ ಅಲ್ಲಿಂದ ಜೈಲಿಗೆ. ಕಟ್ಟಡದ ವಿಮೆಯವರ ಪರವಾಗಿ ಬೆಂಕಿಯ ಮೂಲ ಹುಡುಕಲು ಬಂದಿದ್ದ ಮೈಥಿಲಿಗೆ ಉಳಿದಿದ್ದು ಈ ಒಂದು ಮಧ್ಯಾಹ್ನ.

"ಊರ್ಮಿಳಾ, ಇದೇನು ನೋಡಿ."

ಅಲಾರಂ ಸುತ್ತ ತೆಳ್ಳನೆಯ ಪ್ಲಾಸ್ಟಿಕ್ ಕರಗಿ ಗಟ್ಟಿಯಾಗಿತ್ತು. ಅಂಚಿನಲ್ಲಿ ಸುರುಟಿಕೊಂಡ ಎಲಾಸ್ಟಿಕ್. ಇಲಾಖೆಯವರು ಬುಧವಾರ ಬಂದು ಇದರ ಫೋಟೋವನ್ನೂ ತೆಗೆದುಕೊಂಡು, ಪಟ್ಟಿಯಲ್ಲಿ ಕರಗಿದ ಪ್ಲಾಸ್ಟಿಕ್ ಎಂದಷ್ಟೇ ಬರೆದು ಹೋಗಿದ್ದರು. ಅದು ಏನೆಂದು ತಿಳಿಯಲು ಅವರಿಗೆ ದಾರಿಯಿರಲಿಲ್ಲ.

ಊರ್ಮಿಳಾಗೆ ನೋಡಿದ ಕೂಡಲೇ ತಿಳಿಯಿತು.

"ಶವರ್ ಕ್ಯಾಪು."

ಗೃಹಪ್ರವೇಶವಿರಲಿ, ಸತ್ಯನಾರಾಯಣ ಪೂಜೆಯಿರಲಿ, ಬೇ ಏರಿಯಾದ ನಮ್ಮವರ ಮನೆಗಳಲ್ಲಿ ಪುರೋಹಿತರು ಬರುವ ಮೊದಲು ಆಗಬೇಕಾದ ಕೆಲಸ ಇದೊಂದು. ಹೋಟೆಲುಗಳಿಂದ ತಂದಿಟ್ಟ ಶವರ್ ಕ್ಯಾಪುಗಳನ್ನು ಅಲಾರಂಗಳಿಗೆ ತೊಡಿಸಬೇಕು. ಮರೆತರೆ ಗಣಪತಿಯ ಹಿಂದೆಯೇ ಫೈರ್ ಇಂಜಿನ್ನೂ ಬಂದು ನಿಲ್ಲುತ್ತದೆ.

"ಭಾನುವಾರ ಬೆಳಿಗ್ಗೆ ಗಣಹೋಮಕ್ಕೆ ಹಾಕಿದ್ದು ಯಾರು?"

"ನಾನೇ. ಯಾವಾಗ್ಲೂ ನಾನೇ ಅಲ್ವಾ? ಕ್ಯಾಪ್ ಊರ್ಮಿಳಾ ಅಂತಾನೇ ಕರೀತಾರೆ ನನ್ನ."

"ಎಷ್ಟು ಹಾಕಿದ್ರಿ?"

"ಐದು. ಹಾಲಲ್ಲಿ ನಾಲ್ಕು, ಇಲ್ಲಿ ಪ್ಯಾಸೇಜಲ್ಲಿ ಒಂದು. ಅಡುಗೆಮನೇಲಿ ಅಲಾರಂ ಇಲ್ಲ."

"ತೆಗೆದದ್ದು?"

"ಐದು." ಬೆರಳು ಮಡಿಸಿ ಎಣಿಸಿದಳು. "ಅಕ್ಕ, ನಾನು ಲೆಕ್ಕ ಹಾಕೇ ತೆಗೀತೀನಿ. ತಪ್ಪಿಲ್ಲ. ತಪ್ಪಿರಬಾರದು."

ಇಬ್ಬರೂ ಪಾರ್ಕಿಂಗ್ ಲಾಟಿಗೆ ಹೋದರು. ಊರ್ಮಿಳಾ ಕಾರಿನ ಹಿಂಬದಿ ತೆರೆದು ಒಂದು ಬಟ್ಟೆಯ ಚೀಲ ಎಳೆದಳು. ಅರಿಸಿನ ಕುಂಕುಮದ ಡಬ್ಬಿ, ಹೂಬತ್ತಿ, ಕರ್ಪೂರ. ಅವುಗಳ ಕೆಳಗೆ ಮಡಿಸಿಟ್ಟ ಕ್ಯಾಪುಗಳು. ಕಾರಿನ ಮೇಲೆ ಒಂದೊಂದಾಗಿ ಹರಡಿದಳು. ಒಂದು, ಎರಡು, ಮೂರು, ನಾಲ್ಕು, ಐದು. ಮತ್ತೊಮ್ಮೆ ಎಣಿಸಿದಳು. ಐದೇ.

ಅವಳು ಕಾರಿಗೆ ಒರಗಿ ಬಾಯಿಗೆ ಸೆರಗು ಒತ್ತಿಕೊಂಡು ಅತ್ತುಬಿಟ್ಟಳು. ನಾಲ್ಕು ದಿನದಿಂದ ಹಿಡಿದಿಟ್ಟ ಅಳು.

"ನಾನು ಅಂದ್ಕೊಂಡಿದ್ದೆ ಅಕ್ಕ... ಒಂದು ಬಿಟ್ಟಿರ್ತೀನಿ ಅಂತ. ನನ್ನಿಂದಾನೇ ಅಜ್ಜಿಗೆ ಹೀಗಾಯ್ತು ಅಂತ. ಈ ಚೀಲ ಬಿಚ್ಚಿ ನೋಡೋಕೆ ಧೈರ್ಯ ಬಂದಿರಲಿಲ್ಲ."

"ಹಾಗಾದ್ರೆ ಪ್ಯಾಸೇಜಲ್ಲಿದ್ದದ್ದು ಆರನೇದು," ಎಂದಳು ಮೈಥಿಲಿ. "ನೀವು ತೆಗೆದ ಮೇಲೆ ಯಾರೋ ಮತ್ತೆ ಹಾಕಿದಾರೆ. ಊಟ ಮುಗಿದು ಎಲ್ಲ ಹೊರಟಿದ್ದು ಎಷ್ಟು ಹೊತ್ತಿಗೆ?"

"ಎರಡೂವರೆಗೆ ಖಾಲಿ. ಸಂಜೆ ಕಾರ್ಯಕ್ರಮಕ್ಕೆ ರೊಟ್ಟಿ ಬೇಕು ಅಂತ ಅಜ್ಜಿ ಉಳ್ಕೊಂಡ್ರು. ಮೇಷ್ಟ್ರು ಹಿಂದಿನ ರೂಮಲ್ಲಿ ಪ್ರಾಕ್ಟೀಸಿಗೆ ಉಳ್ಕೊಂಡ್ರು. ಅಧ್ಯಕ್ಷರು ನಮ್ಮ ಜೊತೇಲೇ ಬೀಗದ ಕೈ ಮೇಷ್ಟ್ರಿಗೆ ಕೊಟ್ಟು ಹೊರಟ್ರು. ಪಾಪ, ಫಾಸ್ಟರ್ ಸಿಟಿ ಮನೆಗೆ ಹೋಗಿ ಮಲಗಿದ್ರಂತೆ. ಬೆಂಕಿ ಅಂತ ಗೊತ್ತಾಗಿ ಬ್ರಿಡ್ಜ್ ದಾಟಿ ಮತ್ತೆ ಓಡಿಬಂದ್ರು."

ಅಧ್ಯಕ್ಷರೆಂದರೆ ಅನಂತಪದ್ಮನಾಭ. ನಿವೃತ್ತ ಡಾಕ್ಟರು, ಮೈಸೂರಿನವರು. ಈ ನಾಲ್ಕು ದಿನದಲ್ಲಿ ಮೇಷ್ಟ್ರ ಬಗ್ಗೆ ಒಂದೇ ಒಂದು ಕಟುಮಾತು ಆಡದಿದ್ದ ಮನುಷ್ಯ ಅವರೊಬ್ಬರೇ.

ಮೈಥಿಲಿ ಒಬ್ಬಳೇ ಒಳಗೆ ಹಿಂತಿರುಗಿದಳು.

ಅಡುಗೆಮನೆಯಲ್ಲಿ ಒಲೆಯ ಮುಂದೆ ಮಂಡಿಯೂರಿದಳು. ನಾಲ್ಕು ತಿರುಗುಗುಂಡಿ. ಬಿಸಿಗೆ ಬಾಗಿದ್ದವು, ಆದರೆ ನಾಲ್ಕೂ ಆರಿಸಿದ ಕಡೆಗೇ ಇದ್ದವು. ಹಂಚು ತೊಳೆದು ಸಿಂಕಿನ ಪಕ್ಕ ಒರಗಿಸಿಟ್ಟಿತ್ತು. ರೊಟ್ಟಿ ಬಡಿಯುವ ಮಣೆಯೂ ತೊಳೆದದ್ದೇ. ಕೆಲಸ ಮುಗಿಸಿ, ಒಲೆ ಆರಿಸಿ, ಮಲಗಲು ಹೋದ ಹೆಂಗಸಿನ ಅಡುಗೆಮನೆ ಅದು.

ಬೆಂಕಿ ಇಲ್ಲಿಗೆ ಬಂದದ್ದು ಆಮೇಲೆ. ಅಜ್ಜಿ ಮಲಗಿದ್ದ ಕೋಣೆಗೆ ತಾಗಿದ ದಾಸ್ತಾನು ಕೋಣೆಯ ಗೋಡೆ ಅದನ್ನು ಹೇಳುತ್ತಿತ್ತು. ಅಲ್ಲಿ ನೆಲಕ್ಕೆ ಒಂದು ಗೇಣು ಮೇಲೆ ಮರ ಇದ್ದಿಲಾಗಿತ್ತು. ಅತಿ ಕೆಳಗೆ ಸುಟ್ಟ ಜಾಗವೇ ಮೊದಲು ಸುಟ್ಟ ಜಾಗ. ನಾಟಕದ ಪರದೆಗಳನ್ನು ಸುತ್ತಿಡುತ್ತಿದ್ದ ಮೂಲೆ ಅದು. ಅಲ್ಲಿ ಒಲೆಯಿಲ್ಲ, ದೀಪವಿಲ್ಲ, ಕರೆಂಟಿನ ಪಾಯಿಂಟೂ ಇಲ್ಲ.

ತಾನಾಗಿ ಹೊತ್ತಿಕೊಳ್ಳುವಂಥದ್ದು ಅಲ್ಲಿ ಏನೂ ಇರಲಿಲ್ಲ.

ಇದನ್ನು ಸದ್ಯಕ್ಕೆ ಯಾರಿಗೂ ಹೇಳಬಾರದು ಎಂದುಕೊಂಡಳು.

* * *

ಕಾರಿಗೆ ಬಂದು ಕೂತಾಗ ಮಗಳು ಗಾರ್ಗಿಯ ಫೋನು. ಬರ್ಕ್ಲಿಯಲ್ಲಿ ರೋಮಿನ ಇತಿಹಾಸ ಓದುತ್ತಿದ್ದಾಳೆ. ಚಿಕ್ಕವಳಿದ್ದಾಗ ಎರಡು ವರ್ಷ ಶೇಷಾದ್ರಿ ಮೇಷ್ಟ್ರ ಹತ್ತಿರ ಪಿಟೀಲು ಕಲಿತು ಬಿಟ್ಟವಳು.

"ಅಮ್ಮ, ಇಟ್ ಈಸ್ ಗೆಟಿಂಗ್ ವರ್ಸ್. ಈಗ ಸ್ಟಿಕರ್ ಬಂದಿದೆ. ಮೇಷ್ಟ್ರ ತಲೆ ಮೇಲೆ ಎಲೆ ಕಿರೀಟ."

"ನೋಡಿದೆ."

"ಪಾಟ್‌ಲಕ್‌ನಲ್ಲಿ ಯಾರದೋ ಸಾರು ಸೀದು ಹೋದ್ರೂ ಅದನ್ನೇ ಕಳಿಸ್ತಾರಂತೆ. ಅವರಿಗೆ ನೀರೋ ಅಂದ್ರೆ ಯಾರು ಗೊತ್ತಾ? ಜಸ್ಟ್ ಒಂದು ಜೋಕು."

ಮೈಥಿಲಿಗೆ ಅದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ಅವಳು ಬೆಳೆದ ಊರಿನಲ್ಲಿ ಚುನಾವಣೆ ಬಂದಾಗಲೆಲ್ಲ ಯಾವನೋ ಒಬ್ಬ ಮಂತ್ರಿಗೆ ಆ ಹೆಸರು ಬೀಳುತ್ತಿತ್ತು. ಬರ ಬಂದರೆ ನೀರೋ, ಪ್ರವಾಹ ಬಂದರೆ ನೀರೋ. ಪತ್ರಿಕೆಯ ವ್ಯಂಗ್ಯಚಿತ್ರದಲ್ಲಿ ಮಂತ್ರಿಯ ಕೈಗೊಂದು ಪಿಟೀಲು ಕೊಟ್ಟರೆ ಸಾಕು, ಓದು ಬಾರದವರೂ ನಗುತ್ತಿದ್ದರು. ಇಲ್ಲಿಯ ಮಕ್ಕಳಿಗೆ ಅದು ವಿಡಿಯೋ ಗೇಮಿನಲ್ಲಿ ಕತ್ತಿ ಬೀಸುವವನ ಹೆಸರು, ಕಾರ್ಟೂನಿನ ಕೇಡಿಯ ಹೆಸರು, ಯಾವುದೋ ಕಾಫಿ ಅಂಗಡಿಯ ಹೆಸರು.

"ನಮ್ಮ ಡಿಪಾರ್ಟ್‌ಮೆಂಟಲ್ಲಿ ಒಬ್ಬಳ ನಾಯಿ ಹೆಸರೂ ಅದೇ," ಎಂದಳು ಗಾರ್ಗಿ. "ಬೆಂಕಿಕಡ್ಡಿ ಗೀಚಿದ್ರೆ ಸೋಫಾ ಕೆಳಗೆ ಹೋಗುತ್ತೆ. ಪೂರ್ ಥಿಂಗ್."

"ನಿಜವಾಗಿ ಏನಾಯಿತು ಗಾರ್ಗಿ? ರೋಮ್ ಉರೀವಾಗ ಆ ರಾಜ ಪಿಟೀಲು ಬಾರಿಸ್ತಿದ್ನಾ?"

"ಇಲ್ಲಮ್ಮ. ಪಿಟೀಲು ಅನ್ನೋದೇ ಆಗ ಇರಲಿಲ್ಲ. ಅದು ಬಂದಿದ್ದು ಎಷ್ಟೋ ನೂರು ವರ್ಷ ಆದ್ಮೇಲೆ. ಬೆಂಕಿ ಶುರು ಆದಾಗ ಅವನು ರೋಮಲ್ಲೇ ಇರಲಿಲ್ಲ. ದೂರ, ಸಮುದ್ರದ ಹತ್ರ ಇನ್ನೊಂದು ಊರಲ್ಲಿ ಇದ್ದ. ವಾಪಸ್ ಬಂದು ಮನೆ ಕಳ್ಕೊಂಡೋರಿಗೆ ತನ್ನ ತೋಟ ಬಿಟ್ಟುಕೊಟ್ಟ. ಬಟ್..."

"ಬಟ್?"

"ಅವನು ಒಳ್ಳೆಯವನು ಅಂತ ಅಲ್ಲ. ಸ್ವಂತ ತಾಯೀನ ಕೊಲ್ಲಿಸಿದವನು. ಆಮೇಲೆ ಜನ ಅವನ ಮೇಲೇ ಅನುಮಾನ ಪಟ್ಟಾಗ, ಏನೂ ಮಾಡದ ಬೇರೆ ಜನರ ಮೇಲೆ ಬೆಂಕಿ ಹಾಕಿದ ಅಪವಾದ ಹೊರಿಸಿದ. ಅವರನ್ನ ಸುಟ್ಟು ಹಾಕಿದ. ದಟ್ ಈಸ್ ದಿ ಕ್ರೈಮ್. ಅದು ಯಾರಿಗೂ ನೆನಪಿಲ್ಲ. ಪಿಟೀಲು ಮಾತ್ರ ನೆನಪಿದೆ."

ಮೈಥಿಲಿ ಮಸಿ ಹಿಡಿದ ಹಾಲ್ ಕಡೆ ತಿರುಗಿ ನೋಡಿದಳು.

"ಅಮ್ಮ? ಆರ್ ಯೂ ದೇರ್?"

"ಇದೀನಿ ಕಂದ. ಊಟ ಮಾಡಿದ್ಯಾ?"

"ಅಮ್ಮಾ! ಐ ಆಮ್ ಟಾಕಿಂಗ್ ಅಬೌಟ್ ರೋಮ್."

"ರೋಮಿನೋರೂ ಊಟ ಮಾಡ್ತಿದ್ರು. ಹೋಗಿ ಮಾಡು."

ಫೋನಿಟ್ಟು ಮತ್ತೆ ಆ ವಿಡಿಯೋ ತೆರೆದಳು. ಮೂವತ್ತೊಂದು ಸೆಕೆಂಡು. ನಾಲ್ಕು ದಿನದಲ್ಲಿ ನಲವತ್ತು ಸಲವಾದರೂ ನೋಡಿದ್ದಳು. ಮೇಷ್ಟ್ರು ಚಾಪೆಯ ಮೇಲೆ ಕೂತಿದ್ದಾರೆ. ಹಿಂದಿನ ಕಿಟಕಿ ಗಾಜಿನಲ್ಲಿ ಕೆಂಪು ಬೆಳಕು ಕುಣಿಯುತ್ತಿದೆ. ಹೊಗೆ ಸುಳಿಯುತ್ತಿದೆ. ಕಣ್ಣು ಮುಚ್ಚಿದೆ, ಕಮಾನು ಆಡುತ್ತಿದೆ.

ನಲವತ್ತು ಸಲ ನೋಡಿದ್ದಳು. ಒಂದು ಸಲವೂ ಕೇಳಿರಲಿಲ್ಲ.

ಕಾರಿನ ಗಾಜು ಏರಿಸಿ, ಫೋನನ್ನು ಕಿವಿಗೆ ಒತ್ತಿ ಕಣ್ಣು ಮುಚ್ಚಿದಳು. ಅವಳ ಬಾಲ್ಯದ ಸಂಜೆಗಳೆಲ್ಲ ಹೀಗೆ ಕಣ್ಣು ಮುಚ್ಚಿಯೇ ಕಳೆದಿದ್ದವು. ಅವಳ ತಾತ ಗಮಕಿ. ಕಾವ್ಯ ಓದಲು ಕೂತಾಗ ಅವಳಿಗೆ ಹೇಳುತ್ತಿದ್ದದ್ದು ಇಷ್ಟೇ: ಅರ್ಥ ಆಮೇಲೆ ಬರುತ್ತೆ ಮಗು, ಮೊದಲು ಉಸಿರು ಎಲ್ಲಿ ನಿಲ್ಲುತ್ತೆ ಕೇಳು.

ಪಿಟೀಲು ಹಾಡಿತು. ಮಧ್ಯಮಾವತಿ.

ಅದು ಮಂಗಳದ ರಾಗ. ಎಲ್ಲ ಮುಗಿದ ಮೇಲೆ, ಆದ ತಪ್ಪುಗಳನ್ನೆಲ್ಲ ಮನ್ನಿಸು ಎಂದು ದೇವರ ಮುಂದೆ ನುಡಿಸುವುದು. ಸಂಜೆಯ ಕಛೇರಿಗೆ ಅಭ್ಯಾಸ ಮಾಡುವವರು ಅದನ್ನು ಇಷ್ಟು ನಿಧಾನವಾಗಿ, ಇಷ್ಟು ತಲ್ಲೀನರಾಗಿ ನುಡಿಸುತ್ತ ಕೂರುವುದಿಲ್ಲ.

ಮತ್ತೆ ಹಾಕಿದಳು. ಈ ಸಲ ಪಿಟೀಲನ್ನು ಬಿಟ್ಟು ಅದರ ಕೆಳಗೆ ಕೇಳಿದಳು. ಅಲ್ಲೊಂದು ಗುಡುಗುಡು ಸದ್ದಿತ್ತು. ಹಾಲ್‌ನ ಹಿಂದೆಯೇ ಬಾರ್ಟ್ ರೈಲಿನ ಹಳಿ. ರೈಲಿನ ಸದ್ದು ಎಂದು ಎಲ್ಲರೂ ಅಂದುಕೊಂಡಿದ್ದರು. ಅವಳೂ ಅಂದುಕೊಂಡಿದ್ದಳು.

ಸದ್ದು ಏರಿತು, ಇಳಿಯಿತು. ನಿಂತಿತು. ಮತ್ತೆ ಏರಿತು, ಇಳಿಯಿತು. ನಿಂತಿತು.

ರೈಲು ಉಸಿರು ತೆಗೆದುಕೊಳ್ಳುವುದಿಲ್ಲ.

ಅದು ಮಂತ್ರ. ಪುರೋಹಿತರ ದನಿ, ದೂರದಿಂದ. ಪೂರ್ಣಾಹುತಿ. ಗಾಜಿನಲ್ಲಿ ಕುಣಿಯುತ್ತಿದ್ದದ್ದು ಹೊತ್ತಿ ಉರಿಯುವ ಹಾಲ್ ಅಲ್ಲ, ಹೋಮಕುಂಡ. ಪೂರ್ಣಾಹುತಿ ಆದದ್ದು ಹನ್ನೆರಡೂವರೆಗೆ; ಈ ವಿಡಿಯೋ ಬೆಂಕಿ ಬೀಳುವುದಕ್ಕೆ ಮೂರೂವರೆ ಗಂಟೆ ಮೊದಲಿನದು.

* * *

ಊರ್ಮಿಳಾ ಗೇಟಿಗೆ ಬೀಗ ಹಾಕುತ್ತಿದ್ದಳು.

"ಹೋಮ ನಡೆಯುವಾಗ ಮೇಷ್ಟ್ರ ವಿಡಿಯೋ ತೆಗೆದಿದ್ದು ಯಾರು?"

ಬೀಗದ ಕೈ ಕೆಳಗೆ ಬಿತ್ತು. ಊರ್ಮಿಳಾ ಅದನ್ನು ಎತ್ತಿಕೊಳ್ಳಲಿಲ್ಲ.

"ದೇವ್ರಾಣೆ ಅಕ್ಕ, ನಾನು ಗ್ರೂಪಿಗೆ ಹಾಕ್ಲಿಲ್ಲ."

"ಹಾಕಿದ್ರಿ ಅಂತ ನಾನು ಹೇಳ್ಲಿಲ್ಲ. ಯಾರಿಗೆ ಕಳಿಸಿದ್ರಿ?"

"ಮೇಷ್ಟ್ರಿಗೆ. ಅವರೊಬ್ಬರಿಗೇ. ಎಲ್ಲ ಕುಂಡದ ಹತ್ರ ಇದ್ರು, ಅವರು ಮೂಲೇಲಿ ಒಬ್ರೇ ಕೂತು ನುಡಿಸ್ತಿದ್ರು. ಎಷ್ಟು ಚೆನ್ನಾಗಿ ನುಡಿಸಿದ್ರು ಅಂತ, ಅವರ ಹತ್ರ ಇರ್ಲಿ ಅಂತ ಕಳಿಸಿದೆ. ಸಾಯಂಕಾಲ ನೋಡಿದ್ರೆ ಅದೇ ವಿಡಿಯೋ, ಆ ಕೆಟ್ಟ ಹೆಸರು ಹೊತ್ಕೊಂಡು ಬಂತು."

"ಇದು ಹೋಮದ್ದು ಅಂತ ಒಂದು ಮಾತು ಹೇಳಿದ್ರೆ ಸಾಕಿತ್ತಲ್ಲ ಊರ್ಮಿಳಾ."

"ಹೇಳಿದ್ರೆ ಹೋಮದ ವಿಷಯ ಬರುತ್ತೆ. ಹೋಮದ ವಿಷಯ ಬಂದ್ರೆ ಕ್ಯಾಪಿನ ವಿಷಯ ಬರುತ್ತೆ." ಅವಳು ತಲೆ ತಗ್ಗಿಸಿದಳು. "ನಾನು ಹೆದರಿಬಿಟ್ಟೆ."

ಮೈಥಿಲಿ ಬಗ್ಗಿ ಬೀಗದ ಕೈ ಎತ್ತಿ ಅವಳ ಅಂಗೈಯಲ್ಲಿಟ್ಟಳು. ಬೈಯಲು ಮನಸ್ಸಾಗಲಿಲ್ಲ.

"ಇನ್ನೊಂದೇ ಕೇಳ್ತೀನಿ. ಆವತ್ತು ಈ ಐದು ಬಿಟ್ಟು ಬೇರೆ ಕ್ಯಾಪು ಯಾರ ಕೈಗಾದ್ರೂ ಕೊಟ್ಟಿದ್ರಾ?"

ಊರ್ಮಿಳಾ ಇಲ್ಲವೆಂದು ತಲೆಯಾಡಿಸಲು ಹೋಗಿ ತಡೆದಳು.

"ಅಜ್ಜಿಗೆ. ರೊಟ್ಟೀಲಿ ಕೂದಲು ಬೀಳಬಾರದು, ತಲೆಗೆ ಹಾಕ್ಕೊಳ್ಳಿ ಅಂತ ಒಂದು ಕೊಟ್ಟೆ. 'ಯಾಕವಾ, ನಾ ಏನ್ ರೊಟ್ಟಿ ಬಡೀಲಿಕ್ಕೆ ಬಂದೀನೋ, ಆಪರೇಷನ್ ಮಾಡ್ಲಿಕ್ಕೆ ಬಂದೀನೋ' ಅಂತ ನಗಾಡಿದ್ರು. ಆದ್ರೂ ಹಾಕ್ಕೊಂಡ್ರು."

ಎಪ್ಪತ್ತನಾಲ್ಕರ ಮುದುಕಿ. ಮಂಡಿ ನೋವು. ಪ್ಯಾಸೇಜಿನ ಚಾವಣಿ ಹತ್ತಡಿ ಎತ್ತರ. ಆ ಕ್ಯಾಪನ್ನು ಅವಳ ಕೈಯಿಂದ ತೆಗೆದುಕೊಂಡು ಏಣಿ ಹತ್ತಿದವರು ಬೇರೆ ಯಾರೋ ಇರಬೇಕು. ಆ ಹೊತ್ತಿಗೆ ಅಲ್ಲಿದ್ದವರು ಒಬ್ಬರೇ.

* * *

ಮೇಷ್ಟ್ರ ಅಪಾರ್ಟ್‌ಮೆಂಟು ಸ್ಟೇಷನ್ನಿಗೆ ಹತ್ತಿರದಲ್ಲೇ, ಎರಡನೆಯ ಮಹಡಿಯಲ್ಲಿ. ಶೇಷಾದ್ರಿ ಇಸ್ತ್ರಿ ಮಾಡುತ್ತಿದ್ದರು. ಬಿಳಿ ಅಂಗಿ. ನಾಳೆ ಬೆಳಿಗ್ಗೆಗೆ.

"ಬನ್ನಿ ತಾಯಿ. ಕಾಫಿ ಕುಡೀತೀರಾ? ಹಾಲು ಸ್ವಲ್ಪ ಕಡಿಮೆ ಇದೆ. ಅಂಗಡಿಗೆ ಹೋಗಿ ಮೂರು ದಿನ ಆಯ್ತು."

"ಕಾಫಿ ಬೇಡ ಮೇಷ್ಟ್ರೇ."

"ಹೋದರೂ ಕಷ್ಟ. ಸೋಮವಾರ ಗ್ರೋಸರಿಯಲ್ಲಿ ಒಂದು ಪುಟ್ಟ ಹುಡುಗಿ, ನನ್ನ ಹಳೇ ಶಿಷ್ಯೆಯ ಮಗಳು, 'ಹಾಯ್ ಮಿಸ್ಟರ್ ನೀರೋ' ಅಂದಳು. ಎಷ್ಟು ಮುದ್ದಾಗಿ ಅಂದಳು ಅಂದ್ರೆ, ನಾನೂ ಹಾಯ್ ಅಂದುಬಿಟ್ಟೆ."

ಅವರು ನಕ್ಕರು. ಮೈಥಿಲಿ ನಗಲಿಲ್ಲ. ಗೋಡೆಯ ಪಕ್ಕ ಕರೆಂಟಿನ ತಂಬೂರಿಯ ಪೆಟ್ಟಿಗೆಗೆ ಬಟ್ಟೆ ಮುಚ್ಚಿತ್ತು. ಹದಿನಾಲ್ಕು ಶಿಷ್ಯರಿದ್ದರು. ಹದಿನಾಲ್ಕೂ ಮನೆಯವರು ಪಾಠ ನಿಲ್ಲಿಸಿದ್ದರು.

"ಮೇಷ್ಟ್ರೇ, ಆ ವಿಡಿಯೋ ಇದ್ದದ್ದು ಇಬ್ಬರ ಹತ್ತಿರ. ಊರ್ಮಿಳಾ ನಿಮಗೆ ಬಿಟ್ಟು ಯಾರಿಗೂ ಕಳಿಸಿಲ್ಲ."

ಇಸ್ತ್ರಿಪೆಟ್ಟಿಗೆ ಕಾಲರಿನ ಮೇಲೆ ನಿಂತಿತು.

"ಬೆಂಕಿಯ ಹೊತ್ತಿನದು ಅಲ್ಲ ಅದು. ಹೋಮದ್ದು. ಹಿಂದೆ ಪೂರ್ಣಾಹುತಿಯ ಮಂತ್ರ ಕೇಳುತ್ತೆ. ನಿಮಗೆ ಗೊತ್ತು. ನಾಲ್ಕು ದಿನದಿಂದ ಒಂದು ಮಾತು ಹೇಳಿ ಬಚಾವಾಗಬಹುದಿತ್ತು. ಹೇಳಲಿಲ್ಲ. ಯಾಕಂದ್ರೆ ಆ ವಿಡಿಯೋ ಹೊರಗೆ ಬಂದಿದ್ದು ನಿಮ್ಮ ಕೈಯಿಂದಲೇ."

"ಅಂಗಿ ಸುಡುತ್ತೆ, ತಾಳಿ," ಎಂದು ಅವರು ಇಸ್ತ್ರಿಪೆಟ್ಟಿಗೆಯ ಪ್ಲಗ್ಗು ಕಿತ್ತರು. ಕುರ್ಚಿಯಲ್ಲಿ ಕೂತರು.

"ಕೇಳಿಸಿತಾ ನಿಮಗೆ?" ಎಂದರು. "ಸಾವಿರಾರು ಜನ ನೋಡಿದರು. ಒಬ್ಬರಿಗೂ ಕೇಳಿಸಲಿಲ್ಲ."

"ಯಾಕೆ ಮೇಷ್ಟ್ರೇ?"

"ಹೆಸರು ಸಿದ್ಧವಾಗಿತ್ತು ತಾಯಿ. ಎರಡು ಸಾವಿರ ವರ್ಷದಿಂದ ಅಲ್ಲೇ ಬಿದ್ದಿದೆ. ಬೆಂಕಿ, ಪಿಟೀಲು ಎರಡನ್ನೂ ಒಟ್ಟಿಗೆ ತೋರಿಸಿ ಆ ಹೆಸರು ಹೇಳಿಬಿಟ್ಟರೆ ಆಯಿತು, ಇನ್ನೊಂದು ಪ್ರಶ್ನೆ ಯಾರೂ ಕೇಳುವುದಿಲ್ಲ. ಬೆಂಕಿ ಹೇಗೆ ಹತ್ತಿತು, ಅಲಾರಂ ಯಾಕೆ ಕೂಗಲಿಲ್ಲ, ಒಳಗೆ ಇನ್ಯಾರಿದ್ದರು, ಏನೂ ಇಲ್ಲ. ಬೈಯೋದರಲ್ಲೇ ಮುಗಿದುಹೋಗುತ್ತೆ. ನನಗೆ ಬೇಕಾಗಿದ್ದದ್ದೂ ಅದೇ."

"ದ್ಯಾಮವ್ವನ ಹೆಸರು ಬರಬಾರದು ಅಂತ."

ಅವರು ತಲೆ ಎತ್ತಿದರು.

"ಮೂರೂಕಾಲಿಗೆ ನನ್ನ ರೂಮಿನ ಬಾಗಿಲು ತಟ್ಟಿದಳು. ರೊಟ್ಟಿ ಸುಡುವಾಗ ಹಿಟ್ಟಿನ ಹೊಗೆಗೆ ಪ್ಯಾಸೇಜಿನ ಅಲಾರಂ ಕೂಗಿತ್ತಂತೆ. ನಡುಗುತ್ತಿದ್ದಳು. ಹೋದ ತಿಂಗಳು ಮಗನ ಮನೆಯಲ್ಲಿ ಒಗ್ಗರಣೆಗೆ ಅಲಾರಂ ಆಗಿ, ಫೈರ್ ಇಂಜಿನ್ ಬಂದು, ಇಡೀ ಕಾಂಪ್ಲೆಕ್ಸಿನವರು ಅವಳನ್ನು ನೋಡಿದ್ದರಂತೆ. 'ಮೇಷ್ಟ್ರ, ಮುಂಜಾನೆ ಊರ್ಮಿಳಾ ಟೊಪಿಗಿ ಹಾಕಿದ್ಲಲ್ರಿ ಅದಕ್ಕ, ಹಂಗ ಇದನ್ನ ಹಾಕಿಬಿಡ್ರಿ' ಅಂತ ತಲೆಯ ಮೇಲಿದ್ದದ್ದನ್ನು ತೆಗೆದುಕೊಟ್ಟಳು. ನಾನು ಏಣಿ ಹತ್ತಿ ಹಾಕಿದೆ."

"ಆಮೇಲೆ?"

"ರೂಮಿಗೆ ಹೋಗಿ ಬಾಗಿಲು ಹಾಕಿ, ಕರೆಂಟಿನ ತಂಬೂರಿ ಹಾಕಿ ಅಭ್ಯಾಸಕ್ಕೆ ಕೂತೆ. ಏನೂ ಕೇಳಿಸಲಿಲ್ಲ. ಕರೆಂಟು ಹೋಯಿತು, ತಂಬೂರಿ ನಿಂತಿತು, ಆಗ ಹೊಗೆಯ ವಾಸನೆ. ಹಿಂದಿನ ಬಾಗಿಲಿಂದ ಹೊರಗೆ ಬಂದೆ. ಅವಳ ಮಗ ಬಂದು ಕರೆದುಕೊಂಡು ಹೋಗಿರ್ತಾನೆ ಅಂದ್ಕೊಂಡೆ. ಫೈರಿನವರು ಕೇಳಿದರು, ಒಳಗೆ ಯಾರಾದರೂ ಇದ್ದಾರಾ ಅಂತ."

ಕೆಳಗೆ ರೈಲು ಹಾದುಹೋಯಿತು. ಕಿಟಕಿಯ ಗಾಜು ಅದುರಿತು. ಅದು ನಿಲ್ಲುವವರೆಗೆ ಮೇಷ್ಟ್ರು ಕಾದರು.

"ಯಾರೂ ಇಲ್ಲ ಅಂದೆ. ನನ್ನ ಬಾಯಿಂದಲೇ. ಆ ಒಂದು ಮಾತಿನಿಂದ ಅವರು ಹುಡುಕೋದು ಎಷ್ಟು ತಡ ಆಯಿತೋ ಲೆಕ್ಕ ಹಾಕಿದ್ದೀನಿ. ಆರು ನಿಮಿಷ. ಹೇಳಿ ತಾಯಿ, ಯಾವ ಹೆಸರು ಬಿದ್ದರೆ ತಾನೇ ನನಗೆ ಹೆಚ್ಚಾಯಿತು? ಅವಳು ಎದ್ದ ದಿನ, 'ನಿನ್ನ ರೊಟ್ಟಿಯ ಒಲೆಯಿಂದ ಸುಟ್ಟು ಹೋಯಿತು' ಅಂತ ಯಾರೂ ಅವಳಿಗೆ ಹೇಳಬಾರದು. ನಾಳೆ ಒಪ್ಪಿಕೊಂಡು ಮುಗಿಸ್ತೀನಿ."

ಮೈಥಿಲಿ ತನ್ನ ಕುರ್ಚಿಯನ್ನು ಅವರ ಎದುರಿಗೆ ಎಳೆದುಕೊಂಡಳು.

"ಅವಳ ಒಲೆಯಿಂದ ಸುಡಲಿಲ್ಲ ಮೇಷ್ಟ್ರೇ."

"ಸಮಾಧಾನಕ್ಕೆ ಹೇಳಬೇಡಿ."

"ನಾನು ಸಮಾಧಾನ ಹೇಳೋ ಕೆಲಸದಲ್ಲಿಲ್ಲ. ಒಲೆ ಆರಿಸಿತ್ತು. ಹಂಚು ತೊಳೆದಿಟ್ಟಿತ್ತು. ಬೆಂಕಿ ಶುರುವಾಗಿದ್ದು ಪಕ್ಕದ ದಾಸ್ತಾನು ಕೋಣೆಯಲ್ಲಿ, ಪರದೆಗಳ ಬುಡದಲ್ಲಿ. ಅಲ್ಲಿ ತಾನಾಗಿ ಹತ್ತುವಂಥದ್ದು ಏನೂ ಇಲ್ಲ. ಯಾರೋ ಹಚ್ಚಿದ್ದಾರೆ."

ಶೇಷಾದ್ರಿ ಅವಳನ್ನೇ ನೋಡಿದರು.

"ಹಾಗಾದರೆ ನಾನು ಇಷ್ಟು ದಿನ..."

"ನೀವು ಮುಚ್ಚಿಟ್ಟದ್ದು ಅಜ್ಜಿಯನ್ನಲ್ಲ. ಹಚ್ಚಿದವನನ್ನ. ನಾಳೆ ಒಂಬತ್ತಕ್ಕೆ ನೀವು ಒಪ್ಪಿಕೊಂಡರೆ ಅವನನ್ನ ಯಾರೂ ಹುಡುಕುವುದಿಲ್ಲ." ಅವಳು ಮುಂದೆ ಬಾಗಿ ಕೇಳಿದಳು. "ಒಲೆಯಿಂದ ಹತ್ತಿತು ಅಂತ ನಿಮಗೆ ಹೇಳಿದ್ದು ಯಾರು? ಇಲಾಖೆಯವರು ಇವತ್ತಿನವರೆಗೂ ಎಲ್ಲಿಂದ ಹತ್ತಿತು ಅಂತ ಹೇಳಿಲ್ಲ."

"ಅನಂತಪದ್ಮನಾಭ ಅವರು. ಅವತ್ತೇ. ನಾಲ್ಕೂವರೆ ಇರಬೇಕು. ಇನ್ನೂ ನೀರು ಹೊಡೀತಿದ್ದರು. ನಾನು ರಸ್ತೆಯ ಅಂಚಲ್ಲಿ ಕೂತಿದ್ದೆ. ಪಕ್ಕ ಕೂತು ಹೆಗಲ ಮೇಲೆ ಕೈಯಿಟ್ಟರು. 'ಅಜ್ಜಿ ಒಲೆ ಆರಿಸೋದು ಮರೆತಿದ್ದಾರೆ ಮೇಷ್ಟ್ರೇ. ಸಾಲದ್ದಕ್ಕೆ ಅವರ ಕ್ಯಾಪು ಅಲಾರಂ ಮೇಲಿದೆ. ಗೊತ್ತಾದರೆ ಆ ಮುದುಕಿಯ ಗತಿ ಏನು?' ಅಂದರು. ನನಗೆ ಎದೆ ಒಡೆದುಹೋಯಿತು. ದಾರಿ ಹೇಳಿದ್ದೂ ಅವರೇ. ನನ್ನ ಫೋನಲ್ಲಿ ಆ ವಿಡಿಯೋ ನೋಡಿ, 'ಇದೊಂದು ಸಾಕು, ಇದಕ್ಕೊಂದು ಹೆಸರು ಕೊಟ್ಟರೆ ಅಜ್ಜಿಯ ಕಡೆ ಯಾರೂ ತಿರುಗಿ ನೋಡಲ್ಲ' ಅಂದರು. ಕಳಿಸಿಕೊಟ್ಟೆ. ಉಳಿದದ್ದು ಅವರು ನೋಡಿಕೊಂಡರು."

"ಕ್ಯಾಪು ಅಲಾರಂ ಮೇಲಿದೆ ಅಂದರಾ?"

"ಹೂಂ."

"ನೀವು ಅವರಿಗೆ ಮೊದಲೇ ಹೇಳಿದ್ದಿರಾ?"

"ಇಲ್ಲ ತಾಯಿ. ಯಾರಿಗೂ ಹೇಳಿಲ್ಲ. ಇವತ್ತು ನಿಮಗೇ ಮೊ..."

ಅವರು ಕುರ್ಚಿಯಿಂದ ಅರ್ಧ ಎದ್ದರು.

ಕ್ಯಾಪು ಹಾಕಿದ್ದು ಮೂರೂಕಾಲಿಗೆ. ಅದನ್ನು ಬಲ್ಲವರು ಇಬ್ಬರೇ, ಹಾಕಿದವರು ಮತ್ತು ಹಾಕಿಸಿದವಳು. ಎರಡೂವರೆಗೆ ಹೊರಟು ಸೇತುವೆಯ ಆಚೆ ಮನೆಯಲ್ಲಿ ಮಲಗಿದ್ದ ಮನುಷ್ಯನಿಗೆ ಅದು ತಿಳಿಯುವ ದಾರಿಯಿಲ್ಲ. ಮೂರೂಕಾಲಿನ ಮೇಲೆ, ಬೆಂಕಿ ಬೀಳುವ ಮೊದಲು, ಆ ಪ್ಯಾಸೇಜಿನಲ್ಲಿ ನಡೆದು ತಲೆಯೆತ್ತಿ ನೋಡಿದ್ದರೆ ಮಾತ್ರ ತಿಳಿಯುತ್ತದೆ.

ಆ ಹೊತ್ತಿನಲ್ಲಿ ಅಡುಗೆಮನೆಯಲ್ಲಿದ್ದವಳು ದ್ಯಾಮವ್ವ. ಯಾರು ಬಂದರು, ಯಾರು ಹೋದರು ಎಂದು ಕಂಡಿದ್ದರೆ ಅವಳೊಬ್ಬಳೇ ಕಂಡಿರಬೇಕು.

"ಅಜ್ಜಿಯ ಹತ್ತಿರ ಈಗ ಯಾರಿದ್ದಾರೆ?" ಮೈಥಿಲಿ ಎದ್ದು ನಿಂತಿದ್ದಳು.

"ಮಗ ಇವತ್ತು ಆಫೀಸಿಗೆ ಹೋಗಲೇಬೇಕಾಗಿತ್ತು. ಮಧ್ಯಾಹ್ನದಿಂದ ತಾನು ಕೂರ್ತೀನಿ ಅಂತ ಅನಂತಪದ್ಮನಾಭರೇ ಕೇಳಿಕೊಂಡರು. ಡಾಕ್ಟರು ಅಲ್ವಾ, ಎಲ್ಲರಿಗೂ ಧೈರ್ಯ..."

ಮೇಜಿನ ಮೇಲಿದ್ದ ಅವರ ಫೋನು ಗುಂಯ್‌ಗುಟ್ಟಿತು. ಅದೇ ಕ್ಷಣ ಮೈಥಿಲಿಯ ಕೈಯಲ್ಲಿದ್ದ ಫೋನೂ. ಸಂಘದ ಗ್ರೂಪು. ಕಳಿಸಿದವರು ಅಧ್ಯಕ್ಷರು.

"ಶುಭ ಸುದ್ದಿ. ಅಜ್ಜಿ ಈಗಷ್ಟೇ ಕಣ್ಣು ಬಿಟ್ಟರು. ಏನೋ ಹೇಳಲು ನೋಡುತ್ತಿದ್ದಾರೆ. ಯಾರೂ ಗಾಬರಿಯಿಂದ ಓಡಿಬರುವುದು ಬೇಡ, ನಾನು ಪಕ್ಕದಲ್ಲೇ ಇದ್ದೇನೆ."